ಬಲಗಡೆಯ ಗುಂಡಿ

…ಅಥವಾ ಆ ಆಟದ ಡಬ್ಬಿ ಕರಿಯದಾಗಿರಲೇ ಇಲ್ಲವೇನೋ. ಕರಿಯದು, ಅಂಚಿಗೆ ಬೆಳ್ಳಿ ಬಣ್ಣದ ತೆಳು ಗೆರೆ ಇತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ಕೆಂಪು ಎಂದು ನನ್ನ ಹೆಂಡತಿ ಶಾಂತಾ ಹೇಳುತ್ತಾಳೆ. ಬರೀ ಕೆಂಪು ಎಂದಲ್ಲ, "ನಮ್ಮ ಅವ್ವನ ಮನಿ ಬಾಗಲದ ಕೆಂಪು" ಎಂದು ಗುರುತು ಸಮೇತ ಹೇಳುತ್ತಾಳೆ. ಗುರುತು ಕೊಟ್ಟು ಹೇಳುವವರ ಎದುರು ನಮ್ಮಂಥವರ ಮಾತು ನಿಲ್ಲುವುದಿಲ್ಲ. ನಾನು ವಿಜಾಪುರದ ಒಂದು ಕಚೇರಿಯಲ್ಲಿ ಬಹಳ ವರ್ಷ ನಕಲು ತೆಗೆಯುವ ಕಾರಕೂನನಾಗಿದ್ದೆ. ನಕಲು ತೆಗೆಯುವವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಮೂಲದಲ್ಲಿ ಎಲ್ಲಾದರೂ ಸೊಟ್ಟ ವಾಕ್ಯ ಕಂಡರೆ ಯಾರಿಗೂ ಹೇಳದೆ ನೆಟ್ಟಗೆ ಮಾಡಿಬಿಡುತ್ತಾನೆ. ಆಮೇಲೆ ಆ ನಕಲಿನ ನಕಲು ತೆಗೆಯುವವನೂ ಅವನೇ. ನನ್ನ ನೆನಪು ಅದೇ ಕುರ್ಚಿಯಲ್ಲಿ ಕೂತಿದೆ, ಅದೇ ಚಟದ್ದು. ಈ ಪ್ರಸಂಗವನ್ನು ಮದುವೆ ಮನೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ದವಾಖಾನೆಯ ಬೆಂಚಿನ ಮೇಲೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದು ಸ್ವಲ್ಪ ಚಂದವಾಗಿದೆ. ಹಾಗಾಗಿ ಕೆಳಗೆ ಬರೆದದ್ದರ ತುದಿಗೆ 'ಮೂಲದಂತೆ ಇದೆ' ಎಂದು ಸಹಿ ಹಾಕುವ ಧೈರ್ಯ ನನಗಿಲ್ಲ.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಶಾಂತಾ ಚೊಚ್ಚಿಲ ಬಸುರಿ, ಆರು ತಿಂಗಳು ತುಂಬಿತ್ತು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ನಾವು ಅಥಣಿ ರಸ್ತೆಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅವಳ ತವರು ತೊರವಿ. ಸೈಕಲ್ ಹತ್ತಿದರೆ ಅರ್ಧ ತಾಸಿನ ದಾರಿ. ಮೊದಲ ಬಾಣಂತನ ತವರಿನಲ್ಲಾಗಬೇಕು, ಆಗುತ್ತದೆ, ನಾನು ದಿನಾ ಸಂಜೆ ಕಚೇರಿ ಬಿಟ್ಟು ನೇರ ತೊರವಿಗೆ ಹೋಗಿ ಅತ್ತೆಯ ಕೈಯ ರೊಟ್ಟಿ ತಿಂದು ಬರಬಹುದು ಎಂದೆಲ್ಲ ಯೋಜನೆ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಸೂಪಾದ ಕಚೇರಿಗೆ ಒಬ್ಬ ಕಾರಕೂನ ಬೇಕೆಂದು ಮೇಲಿನಿಂದ ಕಾಗದ ಬಂತು. ಸೂಪಾ ಎಂದರೆ ಕಾರವಾರ ಜಿಲ್ಲೆಯ ಕಾಡು. ಒಂದು ಬಸ್ಸು ತಪ್ಪಿದರೆ ಎರಡು ದಿನದ ಪ್ರಯಾಣ ಎನ್ನುತ್ತಿದ್ದರು. ಯಾರನ್ನು ಕಳಿಸಬೇಕೆಂದು ನಮ್ಮ ಸಾಹೇಬರು ಒಂದು ವಾರ ಯೋಚಿಸಿ, ಒಂದು ದಿನ ನನ್ನನ್ನು ಕರೆದು ಆದೇಶದ ಕರಡು ಕೊಟ್ಟು ಮೂರು ಪ್ರತಿ ತೆಗೆಯಲು ಹೇಳಿದರು. ಎರಡನೆಯ ಪ್ರತಿಗೆ ಬಂದಾಗ ಅದರಲ್ಲಿರುವ ಹೆಸರು ನನ್ನದು ಎಂದು ನನಗೆ ಹೊಳೆಯಿತು. ಆ ವೇಳೆಗೆ ಅಕ್ಷರ ಬಹಳ ಚಂದ ಬಿದ್ದಿದ್ದವು. ಸಾಹೇಬರು ಮೂರನ್ನೂ ನೋಡಿ, ಸಹಿ ಮಾಡದೆ, ಮೇಜಿನ ಎಡಗಡೆಯ ಖಾನೆಯಲ್ಲಿಟ್ಟರು. "ಸಹಿ ಆಮ್ಯಾಲ ಮಾಡ್ತೀನಿ" ಎಂದರು. ಆ 'ಆಮೇಲೆ'ಯ ಮೇಲೆ ನಮ್ಮ ಸಂಸಾರ ನಿಂತಿತ್ತು.

"ಸಾಹೇಬ್ರು ಖುಷಿಲಿಂದ ಇದ್ದಾಗ ಒಂದ್ ಮಾತ್ ಹಾಕ್ರಲಾ," ಎಂದಳು ಶಾಂತಾ.

"ಅವ್ರು ಯಾವಾಗ ಖುಷಿಲಿಂದ ಇರ್ತಾರ?"

"ಅದನ್ನೂ ನಾನ ಹುಡುಕಿ ಕೊಡ್ಲೇನ್ರಿ?"

ಸಾಹೇಬರ ಖುಷಿ ಹಡಗಿನಲ್ಲಿ ಬಂತು. ಅವರ ಹೆಂಡತಿಯ ತಮ್ಮ ಹಡಗಿನ ಕೆಲಸದವನು. ಯಾವುದೋ ದೇಶದಿಂದ ಬರುವಾಗ ಭಾವನಿಗೆಂದು ಒಂದು ಆಟದ ಡಬ್ಬಿ ತಂದಿದ್ದ. ಟೀವಿಗೆ ಅದರ ತಂತಿ ಹಚ್ಚಿದರೆ ಪರದೆಯ ಮೇಲೆ ಚೆಂಡಾಟ ಆಡಬಹುದು. ಸಾಹೇಬರು ಅದನ್ನು ಕಚೇರಿಗೆ ತಂದು, ಮಸಲತ್ತಿನ ಕಾಗದ ತೋರಿಸುವವರಂತೆ ಬಾಗಿಲು ಮುಂದೆ ಮಾಡಿ, ನನಗೆ ತೋರಿಸಿದರು. ಕಚೇರಿಯಲ್ಲಿ ಎಲ್ಲರ ಮನೆಯ ರೇಡಿಯೋ ರಿಪೇರಿ ಮಾಡುತ್ತಿದ್ದವನು ನಾನೇ ಆದ್ದರಿಂದ ಅವರು ನನ್ನ ಹೆಸರು ಬಿಟ್ಟು 'ರೇಡಿಯೋ' ಎಂದೇ ಕರೆಯುತ್ತಿದ್ದರು. "ನೋಡೋ ರೇಡಿಯೋ, ಹ್ಯಾಂಗೈತಿ?" ಹೇಗಿತ್ತೆಂದರೆ, ಅಷ್ಟು ಚಂದದ ವಸ್ತುವನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ನಮ್ಮ ಕಚೇರಿಯಲ್ಲಿ ಇದ್ದದ್ದೆಲ್ಲ ಚೌಕ ಮತ್ತು ಮಾಸಲು. ಮೇಜು ಚೌಕ, ಕಡತ ಚೌಕ, ಹಿರಿಯ ಕಾರಕೂನರ ಮುಖ ಕೂಡ ಚೌಕ. ಇದು ಮೂಲೆಗಳಲ್ಲಿ ಮೆತ್ತಗೆ ಬಾಗಿತ್ತು. ಮುಂದೆ ಎರಡು ಗುಂಡಿ, ರೇಡಿಯೋಕ್ಕೆ ಇರುತ್ತವಲ್ಲ ತಿರುಗಿಸುವಂಥವು, ಎಡಕ್ಕೊಂದು ಬಲಕ್ಕೊಂದು. ನಡುವೆ ಒಂದು ಸಣ್ಣ ಗುಬಟಿ. ಅದನ್ನು ಒತ್ತಿದರೆ ಬೆರಳಿಗೆ ಹಿತವೆನಿಸುವಷ್ಟು ಮೆಲ್ಲಗೆ ಒಳಗೆ ಹೋಗಿ 'ಚಿಟ್' ಎನ್ನುತ್ತಿತ್ತು. ನಾನು ಆ 'ಚಿಟ್'ಗಾಗಿಯೇ ನಾಲ್ಕು ಸಲ ಒತ್ತಿದೆ. ಐದನೆಯ ಸಲ ಸಾಹೇಬರು ಡಬ್ಬಿ ಕಸಿದುಕೊಂಡರು.

ಅದರ ದೋಷಗಳಲ್ಲಿ ಮೊದಲನೆಯದು ಅದರೊಳಗೆ ಇರಲಿಲ್ಲ, ವಿಜಾಪುರದಲ್ಲಿತ್ತು. ಊರಲ್ಲಿ ಟೀವಿಯೇ ಇರಲಿಲ್ಲ. ಇದ್ದರೂ ಯಾರ ಮನೆಯಲ್ಲಿತ್ತೋ, ಸಾಹೇಬರು ಹೋಗಿ ಕೇಳುವಂಥ ಮನೆಯಲ್ಲಿ ಇರಲಿಲ್ಲ. ಆದರೆ ಎರಡು ಮೂರು ವರ್ಷಗಳ ಹಿಂದೆ ಸುತ್ತಲಿನ ಕೆಲವು ಹಳ್ಳಿಗಳ ಸಾಲೆಗಳಿಗೆ ಸರಕಾರದವರು ಟೀವಿ ಕೊಟ್ಟಿದ್ದರು. ಆಕಾಶದಲ್ಲಿದ್ದ ಉಪಗ್ರಹದಿಂದ ನೇರ ಕಾರ್ಯಕ್ರಮ ಇಳಿಯುತ್ತಿತ್ತು. ಬೀಜ, ಗೊಬ್ಬರ, ಮಕ್ಕಳ ಆರೈಕೆ ಎಲ್ಲ ತೋರಿಸುತ್ತಿದ್ದರು. ವರ್ಷ ತುಂಬಿದ ಮೇಲೆ ಆಕಾಶದವರು ನಿಲ್ಲಿಸಿಬಿಟ್ಟರು. ಟೀವಿಗಳನ್ನು ಕೆಲವು ಕಡೆ ವಾಪಸ್ ಒಯ್ದರು, ಕೆಲವು ಕಡೆ ಒಯ್ಯುವುದನ್ನು ಮರೆತರು ಎಂದು ಕೇಳಿದ್ದೆವು. ನಗರದಲ್ಲಿ ಇಲ್ಲದ್ದು ಹಳ್ಳಿಯ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಸಾಹೇಬರು ಗೋಡೆಯ ನಕಾಶೆಯ ಮುಂದೆ ನಿಂತು, ಟಿಕೋಟಾ ಮತ್ತು ಬಬಲೇಶ್ವರದ ಕಡೆಗೆ ತುರ್ತಾಗಿ ಪರಿಶೀಲನೆಗೆ ಹೋಗುವ ಅಗತ್ಯವಿದೆ ಎಂದು ಕಂಡುಕೊಂಡರು. ಭಾನುವಾರವೇ ಅಗತ್ಯವಿತ್ತು. ತಂತಿ ಹಚ್ಚಲು ನಾನು, ಜೀಪು ನಡೆಸಲು ಇಮಾಮಸಾಬ.

ನನ್ನ ಯೋಜನೆ ಸರಳವಾಗಿತ್ತು. ಆಟಕ್ಕೆ ಇಬ್ಬರು ಬೇಕು. ಸಾಹೇಬರ ಎದುರು ನಾನು ಆಡುತ್ತೇನೆ, ಮರ್ಯಾದೆಯಿಂದ ಸೋಲುತ್ತೇನೆ, ಬರುವಾಗ ಅವರು ಖುಷಿಯಿಂದ ಸೀಟಿಗೆ ಒರಗಿದಾಗ ಶಾಂತಾಳ ವಿಷಯ ತೆಗೆಯುತ್ತೇನೆ. ನಮ್ಮಲ್ಲಿ ಸಾಹೇಬರ ಜೊತೆ ಇಸ್ಪೀಟು, ಕೇರಂ, ಏನೇ ಆಡಿದರೂ ಸೋಲುವುದು ನೌಕರಿಯ ಅಲಿಖಿತ ಕಲಮು. ಅದರಲ್ಲಿ ಅವಮಾನವಿಲ್ಲ. ಎಷ್ಟರಿಂದ ಸೋಲಬೇಕು ಎಂಬುದರಲ್ಲಷ್ಟೇ ಜಾಣತನ.

ಟಿಕೋಟಾದಲ್ಲಿ ಸಾಲೆಯ ಕಪಾಟು ಇತ್ತು, ಬೀಗ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಟೀವಿಯ ಜಾಗದಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಕಾವಲುಗಾರ ಓಡಿಬಂದು ಕೈ ಮುಗಿದ. "ಬ್ಯಾಡ್ರಿ ಸಾಹೇಬ್ರ, ಇನ್ನೊಂದ್ ಎಂಟ್ ದಿನ ಎಬ್ಬಿಸಬ್ಯಾಡ್ರಿ. ತತ್ತಿ ಅದಾವ."

"ಟೀವಿ ಎಲ್ಲೈತೋ?"

"ಒಯ್ದಾರ್ರಿ. ಕೋಳಿಗಿಂತ ಮದ್ಲ ಒಯ್ದಾರ್ರಿ."

ಆ ಕೋಳಿ ನಮ್ಮನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಮೇಲಧಿಕಾರಿ ನೋಡುವ ಹಾಗೆ ನೋಡಿತು. (ಕೋಳಿ ಇತ್ತು ಎಂಬುದನ್ನು ಶಾಂತಾ ಒಪ್ಪುವುದಿಲ್ಲ. ಮೊದಲ ವರ್ಷಗಳಲ್ಲಿ ನಾನು ಬೆಕ್ಕು ಎನ್ನುತ್ತಿದ್ದೆನಂತೆ.) ಸಾಹೇಬರ ಮುಖ ಸಣ್ಣದಾಯಿತು. ಅಲ್ಲಿಂದ ಬಬಲೇಶ್ವರಕ್ಕೆ ಹೋಗುವ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಜೀಪು ಕುಣಿದಾಗಲೆಲ್ಲ ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದರು. ಕಿಟಕಿಯಿಂದ ಬಂದ ಧೂಳೆಲ್ಲ ಡಬ್ಬಿಯ ಬಲಬದಿಗೆ ಕೂತಿತ್ತು. ಇದನ್ನು ನಾನು ಅಂದು ಗಮನಿಸಿದೆನೋ, ಆಮೇಲೆ ಕಥೆಗೆ ಬೇಕಾಯಿತೆಂದು ಸೇರಿಸಿದೆನೋ ಹೇಳಲಾರೆ.

ಬಬಲೇಶ್ವರದಲ್ಲಿ ಟೀವಿ ಇತ್ತು. ಹೆಡ್ ಮಾಸ್ತರ ಚನ್ನಪ್ಪನವರು ಅದನ್ನು ದಿನಾ ಬೆಳಿಗ್ಗೆ ಬಟ್ಟೆಯಿಂದ ಒರೆಸಿ, ಮೇಲೊಂದು ಕಸೂತಿಯ ವಸ್ತ್ರ ಹೊದಿಸಿ, ಏನೂ ಬಾರದ ಆ ಪೆಟ್ಟಿಗೆಯನ್ನು ಮನೆಯ ಅಳಿಯನಂತೆ ಸಾಕಿದ್ದರು. ನಾನು ಡಬ್ಬಿಯ ತಂತಿಯ ತುದಿಯನ್ನು ಕತ್ತರಿಸಿ, ಎಳೆ ಬಿಡಿಸಿ, ಟೀವಿಯ ಹಿಂದಿನ ತಿರುಪುಗಳಿಗೆ ಕಟ್ಟಿದೆ. ಪರದೆಯ ಮೇಲೆ ಮಂಜು ಸರಿದು, ಕಪ್ಪು ಅಂಗಳದ ನಡುವೆ ಒಂದು ಚುಕ್ಕೆ ಚುಕ್ಕೆಯ ಗೆರೆ, ಎರಡು ಬದಿಗೆ ಎರಡು ಬಿಳಿ ಪಟ್ಟಿ, ಮೇಲೆ ಎರಡು ಸೊನ್ನೆ ಮೂಡಿದವು. ಮೂಡಿದ್ದೇ ತಡ, ಎಲ್ಲವೂ ಕೂಡಿ ಮೇಲಕ್ಕೆ ಹತ್ತತೊಡಗಿದವು. ಮೇಲೆ ಹೋಗಿ ಮಾಯವಾಗಿ ಮತ್ತೆ ಕೆಳಗಿನಿಂದ ಬರುತ್ತಿದ್ದವು. ಪರದೇಶದ ಡಬ್ಬಿಗೂ ನಮ್ಮ ಟೀವಿಗೂ ತಾಳ ಕೂಡಿರಲಿಲ್ಲ. ಟೀವಿಯ ಹಿಂದೆ ಒಂದು ಗುಂಡಿ ಇತ್ತು, ಅದನ್ನು ಬೆರಳಿನಿಂದ ಒತ್ತಿ ಹಿಡಿದರೆ ಚಿತ್ರ ನಿಲ್ಲುತ್ತಿತ್ತು, ಬಿಟ್ಟರೆ ಹತ್ತುತ್ತಿತ್ತು. "ನಾ ಹಿಡೀತೇನ್ರಿ" ಎಂದು ಚನ್ನಪ್ಪ ಮಾಸ್ತರರು ಟೀವಿಯ ಹಿಂದೆ ಹೋಗಿ ನಿಂತರು. ಅಂದಿನಿಂದ ಎಲ್ಲ ಆಟ ಮುಗಿಯುವವರೆಗೆ ಅವರು ಅಲ್ಲೇ ನಿಂತರು. ಆ ಆಟ ನಡೆಯಲು ಕಾರಣರಾದವರು ಅವರು, ಒಂದು ಸಲವೂ ಅದನ್ನು ಕಾಣದವರೂ ಅವರೊಬ್ಬರೇ. "ಯಾರು ಗೆದ್ರಿ? ಯಾರು ಗೆದ್ರಿ?" ಎಂದು ಹಿಂದಿನಿಂದ ಕೇಳುತ್ತಿದ್ದರು.

ಎರಡನೆಯ ತೊಡಕು ಕೂಡುವುದರಲ್ಲಿ ಬಂತು. ಎರಡೂ ಗುಂಡಿ ಒಂದೇ ಡಬ್ಬಿಯ ಮೇಲೆ, ನಡುವೆ ಒಂದು ಗೇಣು. ಅದನ್ನು ಮಾಡಿದ ದೇಶದಲ್ಲಿ ಸಾಹೇಬರು, ಕಾರಕೂನರು ಇರಲಿಲ್ಲವೆಂದು ಕಾಣುತ್ತದೆ. ಸಾಹೇಬರು ಕೈ ಇರುವ ಕುರ್ಚಿಯಲ್ಲಿ ಕೂತರು. ನಾನು ರೂಢಿಯಂತೆ ನಿಂತೆ. ನಿಂತರೆ ಗುಂಡಿ ಎಟುಕಲಿಲ್ಲ. ನೆಲದ ಮೇಲೆ ಕೂತೆ, ಪರದೆ ಕಾಣಲಿಲ್ಲ. "ಕುರ್ಚಿ ಮ್ಯಾಲ ಕೂಡ್ರೋ" ಎಂದರು. ಕುರ್ಚಿಯ ತುದಿಗೆ, ಬಸ್ಸಿನಲ್ಲಿ ಮೂರನೆಯವನು ಕೂಡುವಂತೆ ಕೂತೆ. ಮೊಣಕಾಲಿಗೆ ಮೊಣಕಾಲು ತಾಗಿತು. ಏಳು ವರ್ಷದ ನೌಕರಿಯಲ್ಲಿ ನಾನು ಸಾಹೇಬರ ಉಸಿರು ಕೇಳಿದ್ದು ಅದೇ ಮೊದಲು. ನನ್ನ ಕೈ ಬೆವರಿದ್ದನ್ನು ನೋಡಿ ಅವರಿಗೇ ಬೇಸರವಾಗಿ, "ಮದ್ಲ ಇಮಾಮಸಾಬ ಆಡ್ಲಿ, ನೀ ನೋಡಿ ಕಲಿ" ಎಂದರು.

ಇಮಾಮಸಾಬನ ಆಟವನ್ನು ನೋಡಬೇಕಿತ್ತು. ಚುಕ್ಕೆ ಎಂಬ ಚೆಂಡು 'ಟಕ್' ಎಂದು ಪಟ್ಟಿಗೆ ಬಡಿದು 'ಟೊಕ್' ಎಂದು ಗೋಡೆಗೆ ತಾಗಿ ಬರುತ್ತದೆ. ಇಮಾಮಸಾಬನ ಪಟ್ಟಿ ಪ್ರಾಣ ಕೊಟ್ಟು ಓಡುತ್ತದೆ, ಒಂದೇ ಒಂದು ಬೆರಳಿನಷ್ಟು ತಡವಾಗುತ್ತದೆ. "ಹೋತಲ್ರೀ ಸಾಹೇಬ್ರ! ಏನ್ ಹೊಡತ ಹೊಡದ್ರಿ!" ಎಂದು ತಲೆಗೆ ಕೈ ಹೊಡೆದುಕೊಳ್ಳುತ್ತಾನೆ. ಹದಿನೈದಕ್ಕೆ ಆಟ ಮುಗಿಯುತ್ತದೆ. ಅವನು ಆರು ಮಾಡಿ, ಹದಿನೈದಕ್ಕೆ ಸೋತು, ಮುಖದ ಬೆವರು ಒರೆಸಿಕೊಂಡ. ಬೆವರು ಕೂಡ ಹದವಾಗಿ ಬಂದಿತ್ತು. ಸಾಹೇಬರು ಹತ್ತು ವರ್ಷ ಚಿಕ್ಕವರಾಗಿ ಕಂಡರು. ನನಗೆ ಧೈರ್ಯ ಬಂತು.

ಅಷ್ಟರಲ್ಲಿ ಸಾಲೆಯ ಕಿಟಕಿಗಳಲ್ಲಿ ಜನ ತುಂಬಿದ್ದರು. ಎಲ್ಲರಿಗಿಂತ ಮುಂದೆ ಯಲ್ಲವ್ವ ಎಂಬ ಮುದುಕಿ ಬಾಗಿಲ ಹೊಸ್ತಿಲಲ್ಲೇ ಕೂತಿದ್ದಳು. ಹಿಂದೆ ಬೇಸಾಯದ ಕಾರ್ಯಕ್ರಮ ಬರುತ್ತಿದ್ದಾಗ ಒಂದು ದಿನವೂ ತಪ್ಪಿಸಿದವಳಲ್ಲವಂತೆ. ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಇದು ಯಾವ ಬೆಳೀದರೀ ಮಾಸ್ತರ?" ಎಂದು ಕೇಳಿದಳು.

"ಬೆಳೀದಲ್ಲ ಬೇ, ಆಟ," ಎಂದು ಟೀವಿಯ ಹಿಂದಿನಿಂದ ಮಾಸ್ತರರ ದನಿ ಬಂತು.

"ಸುಳ್ಳ ಹೇಳಬ್ಯಾಡ್ರಿ. ಎರಡ ಬದು ಕಾಣ್ತಾವ. ನಡುವ ಕಾಳ ಹಾರಾಕತ್ತೈತಿ."

ನಾನು ಬಲಗಡೆ ಕೂತೆ. ಮೊದಲು ಎಲ್ಲವೂ ಯೋಜನೆಯಂತೆ ನಡೆಯಿತು. ಐದು ಒಂದು, ಹತ್ತು ಎರಡು, ಹದಿನಾಲ್ಕು ಮೂರು. ಹದಿನೈದು ಮೂರು ಸ್ವಲ್ಪ ಅತಿಯಾದೀತು, ಇಮಾಮಸಾಬನಂತೆ ಐದಾರರವರೆಗೆ ಹೋಗಿ ಸೋತರೆ ಚಂದ ಎಂದುಕೊಂಡು ಎರಡು ಚೆಂಡು ಹೊಡೆದೆ. ಹದಿನಾಲ್ಕು ಐದು. ಇನ್ನು ಸಾಕು ಎಂದು ಗುಂಡಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದೆ. ಪಟ್ಟಿ ಕೆಳಕ್ಕೆ ಹೋಗಲಿಲ್ಲ. ನಡುವೆಯೇ ನಿಂತು, ಚಳಿಜ್ವರ ಬಂದವರಂತೆ ಗಡಗಡ ನಡುಗತೊಡಗಿತು. ನಡುಗುವ ಪಟ್ಟಿ ಎರಡು ಪಟ್ಟು ಅಗಲವಾಗುತ್ತದೆ ಎಂಬುದು ಆಗ ತಿಳಿಯಿತು. ಚೆಂಡು ಅದಕ್ಕೆ ಬಡಿದು ಹಿಂದಕ್ಕೆ ಹೋಯಿತು. ಆಗಲೇ ನಗಲು ಶುರು ಮಾಡಿದ್ದ ಸಾಹೇಬರು ತಪ್ಪಿಸಿಕೊಂಡರು. ಆರು. ಮೇಲಕ್ಕೆ ತಿರುಗಿಸಿದೆ, ಪಟ್ಟಿ ಹಾರಿ ಚೆಂಡಿನ ಮುಂದೆಯೇ ನಿಂತಿತು. ಏಳು. ಕೈ ತೆಗೆದುಬಿಟ್ಟರೆ ಹೇಗೆ? ತೆಗೆದೆ. ಅದು ತಾನೇ ಆಡಿತು. ಎಂಟು. ಒಂದೊಂದು 'ಟಕ್'ಗೂ ಸೂಪಾದ ಕಾಡು ಒಂದೊಂದು ಮಾರು ಹತ್ತಿರ ಬರುತ್ತಿತ್ತು.

"ಈ ಕಡೀ ಬದು ಗಟ್ಟಿ ಐತಿ ನೋಡ್ರಿ," ಎಂದಳು ಯಲ್ಲವ್ವ. "ಆ ಕಡೀದು ಒಡದು ಕಾಳೆಲ್ಲಾ ಹೊರಗ ಹೊಂಟಾವ. ಆ ಹೊಲ ಯಾರದು?"

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. "ಯಾರು ಗೆದ್ರಿ?" ಎಂದರು ಮಾಸ್ತರರು.

"ಸುಮ್ನ ಗುಂಡಿ ಹಿಡೀರಿ ಮಾಸ್ತರ!" ಎಂದು ಸಾಹೇಬರು ಗದರಿದರು.

ಹದಿನಾಲ್ಕು ಹದಿನಾಲ್ಕು. ಕೊನೆಯ ಚೆಂಡು ಎಷ್ಟು ಸಲ ಆಚೆ ಈಚೆ ಹೋಯಿತೋ, ಅಲ್ಲಿದ್ದ ಯಾರೂ ಉಸಿರಾಡಲಿಲ್ಲ ಎಂದು ನಾನು ಹೇಳುತ್ತ ಬಂದಿದ್ದೇನೆ, ಆದ್ದರಿಂದ ಸ್ವಲ್ಪ ಉಸಿರಾಡಿರಬೇಕು. ಆಮೇಲೆ ಬಲಗಡೆಯ ಸಂಖ್ಯೆ ಹದಿನೈದಾಯಿತು. ಕಿಟಕಿಗಳಲ್ಲಿ ಹೋ ಎಂದು ಕೂಗಿದರು. ಒಬ್ಬ ಕಾರಕೂನ ಸಾಹೇಬರನ್ನು ಬಡಿದದ್ದನ್ನು ಆ ಊರು ಮೊದಲ ಸಲ ನೋಡಿತ್ತು, ಅದೂ ಸರಕಾರದ ಟೀವಿಯಲ್ಲಿ.

ಬರುವಾಗ ಸಾಹೇಬರು ಸೀಟಿಗೆ ಒರಗಲಿಲ್ಲ, ನಾನು ಶಾಂತಾಳ ವಿಷಯ ತೆಗೆಯಲಿಲ್ಲ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಇಮಾಮಸಾಬ ನನ್ನ ಕಿವಿಯಲ್ಲಿ ಹೇಳಿದ: "ಅಣ್ಣಾರ, ಸೋಲೂದೂ ಒಂದ್ ವಿದ್ಯಾ ಐತ್ರಿ. ನನ್ನ ಒಂದ್ ಮಾತ್ ಕೇಳಿದ್ರ ಕಲಸ್ತಿದ್ನೆಲ್ರೀ."

"ಗುಂಡಿ ಕೆಟ್ಟೈತೋ ಮಾರಾಯ. ಅದ ಆಡಾಕತ್ತಿತ್ತು."

"ಹೌದೇಳ್ರಿ, ಹೌದೇಳ್ರಿ," ಎಂದ. ಅವನು ಸಾಹೇಬರಿಗೆ 'ಏನ್ ಹೊಡತ' ಎಂದದ್ದೂ ಅದೇ ದನಿಯಲ್ಲಿ.

ಮನೆಗೆ ಬಂದು ನಾನು ಚಹಾ ಕೂಡ ಕುಡಿಯದೆ, "ಗಂಟುಮೂಟಿ ಕಟ್ಟು, ಸೂಪಾ ಖಾಯಂ ಆತು" ಎಂದು ಗೋಡೆಗೆ ಮುಖ ಮಾಡಿ ಕೂತೆ. ಇದು ನನ್ನ ಪ್ರತಿ. ಶಾಂತಾಳ ಪ್ರತಿಯಲ್ಲಿ ನಾನು ಸಿಳ್ಳೆ ಹಾಕುತ್ತ ಸೈಕಲ್ ಇಳಿದು, "ಸಾಹೇಬನ್ನ ಬಡದ್ ಹಾಕಿ ಬಂದೆ" ಎಂದೆನಂತೆ, ಆಮೇಲೆ ಎರಡು ನಿಮಿಷ ಬಿಟ್ಟು ಸೂಪಾ ನೆನಪಾಗಿ ಕೂತೆನಂತೆ. ಸಿಳ್ಳೆ ನನಗೆ ಬರುವುದೇ ಇಲ್ಲ. ಬರುತ್ತಿತ್ತು, ಹಲ್ಲು ಹೋದ ಮೇಲೆ ನಿಂತಿತು ಎನ್ನುತ್ತಾಳೆ.

ಮರುದಿನ ಸಾಹೇಬರು ಕರೆದರು. ಎಡಗಡೆಯ ಖಾನೆ ಎಳೆದು ಆದೇಶ ತೆಗೆದು, ಮೊದಲಿನಿಂದ ಕೊನೆಯವರೆಗೆ ಓದಿದರು. "ಅಕ್ಷರ ಚಲೋ ಅದಾವ" ಎಂದರು. ಪೆನ್ನಿನ ಟೊಪ್ಪಿಗೆ ತೆಗೆದರು. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟುತ್ತಿದ್ದೆ. ಅವರು ಟೊಪ್ಪಿಗೆಯನ್ನು ಮತ್ತೆ ಹಾಕಿದರು.

"ನಿನ್ನ ಈಗ ಕಳಸಾಕ ಬರೂದಿಲ್ಲೋ ರೇಡಿಯೋ. ಇಡೀ ಬಬಲೇಶ್ವರ ನೋಡೈತಿ. ಈಗ ಕಳಿಸಿದ್ರ ಮಂದಿ ಏನಂತಾರ? ಸೋತ ಸಿಟ್ಟಿಗೆ ಕಾಡಿಗಟ್ಟಿದ ಅಂತಾರ. ಮದ್ಲ ನಿನ್ನ ಸೋಲಸ್ತೀನಿ. ಸೋಲಿಸಿದ ದಿನಾನ ಸಹಿ ಮಾಡ್ತೀನಿ." ಕಾಗದವನ್ನು ಖಾನೆಗೆ ಹಾಕಿದರು. "ಮತ್ತೊಂದು. ಆ ಬಲಗಡೆ ಗುಂಡಿ ನಡಗತೈತಿ. ಮನೀಗಿ ಒಯ್ದು ಸರಿ ಮಾಡ್ಕೊಂಡ್ ಬಾ. ನಾ ನ್ಯಾಯದ ಆಟ ಆಡಾಂವ."

ಹೀಗೆ, ಸೋಲಲು ಹೋದವನು ಒಂದೇ ರಾತ್ರಿಯಲ್ಲಿ ಗೆಲ್ಲುತ್ತಲೇ ಇರಬೇಕಾದವನಾದೆ. ಅಂದು ಸಂಜೆ ಡಬ್ಬಿಯನ್ನು ಮನೆಗೆ ತಂದು, ಚಾಪೆಯ ಮೇಲೆ ಹಾಸಿದ ಬಟ್ಟೆಯಲ್ಲಿಟ್ಟು ನಾಲ್ಕು ತಿರುಪು ಬಿಚ್ಚಿದೆ. ಒಳಗೆ ನೋಡಿ ಬೇಜಾರಾಯಿತು. ಹೊರಗೆ ಅಷ್ಟು ಸೊಗಸಿನ ಡಬ್ಬಿ, ಒಳಗೆ ಮುಕ್ಕಾಲು ಪಾಲು ಗಾಳಿ. ಒಂದು ಹಸಿರು ಹಲಗೆ, ಅದರ ನಡುವೆ ಕಾಲುಳ್ಳ ಕರಿ ಹುಳುವಿನಂಥ ಒಂದು ತುಂಡು, ನಾಲ್ಕು ತಂತಿ. ಆದರೆ ಅಲ್ಲೇ ಅದರ ಬಗ್ಗೆ ನನಗೆ ಮರ್ಯಾದೆಯೂ ಹುಟ್ಟಿತು. ಇಷ್ಟೇ ಇಷ್ಟು ಸಾಮಾನಿನಿಂದ, ಎರಡು ಗೆರೆ ಒಂದು ಚುಕ್ಕೆಯಿಂದ, ಒಬ್ಬ ಸಾಹೇಬರ ನಿದ್ದೆ ಕೆಡಿಸಿತ್ತಲ್ಲ. ಈಗ ನಮ್ಮ ಮೊಮ್ಮಕ್ಕಳು ಫೋನಿನಲ್ಲಿ ಆಡುವ ಆಟದಲ್ಲಿ ಊರಿಗೆ ಊರೇ ಉರಿಯುತ್ತದೆ, ಆದರೂ ಯಾರ ಮೊಣಕಾಲೂ ಯಾರಿಗೂ ತಾಗುವುದಿಲ್ಲ.

ಬಲಗಡೆಯ ಗುಂಡಿಯ ಬುಡದಲ್ಲಿ ಧೂಳು ಕೂತಿತ್ತು. ಸೀಮೆಎಣ್ಣೆಯ ಒಂದು ಹನಿ, ಬಟ್ಟೆಯ ಒಂದು ತುದಿ, ಎರಡು ನಿಮಿಷದ ಕೆಲಸ. ನೂರು ರೇಡಿಯೋಗಳಿಗೆ ಅದನ್ನೇ ಮಾಡಿದವನು ನಾನು. ಶಾಂತಾ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

"ಒರಸ್ರಿ ಮತ್ತ."

"ಒರಸಿದ್ರ ಸೂಪಾ."

ನಾನು ಬಹಳ ಹೊತ್ತು ಆ ಧೂಳನ್ನು ನೋಡಿದೆ. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ. ಬಂದು ಡಬ್ಬಿ ಮುಚ್ಚಿ ನಾಲ್ಕೂ ತಿರುಪು ಬಿಗಿದೆ. ಮರುದಿನ ಸಾಹೇಬರಿಗೆ, "ಪರದೇಶದ ಸಾಮಾನ್ರಿ, ಕೈ ಹಚ್ಚಿದ್ರ ಪೂರ್ತಿ ಹೋಗಬಹುದ್ರಿ" ಎಂದೆ. ರಿಪೇರಿಯ ಕೆಲಸದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅವರು ನಂಬಿದರು. ಒಂದೇ ಮಾತಿಗೆ ಅವರು ನಂಬಿದ್ದು ನನಗೆ ಸ್ವಲ್ಪ ಚುಚ್ಚಿತು.

ಆಮೇಲೆ ಮೂರು ಸಲ ಬಬಲೇಶ್ವರಕ್ಕೆ ಹೋದೆವು. ನಾಲ್ಕು ಇರಬಹುದು. ಸಾಹೇಬರು ಎಡಕ್ಕೆ, ನಾನು ಬಲಕ್ಕೆ, ಮಾಸ್ತರರು ಹಿಂದಕ್ಕೆ, ಯಲ್ಲವ್ವ ಹೊಸ್ತಿಲಿಗೆ. ಪ್ರತಿ ಸಲವೂ ನಾನು ಗೆದ್ದೆ. ಹದಿನೈದು ಒಂಬತ್ತು, ಹದಿನೈದು ಹನ್ನೊಂದು, ಹೀಗೆ. ಸಾಹೇಬರು ಸುಧಾರಿಸುತ್ತಿದ್ದರು, ಅದೇ ನನ್ನ ಹೆದರಿಕೆ. ಗೆದ್ದಾಗ ಒಳಗೊಳಗೆ ನಾನು ಆ ಧೂಳಿಗೆ ಕೈ ಮುಗಿಯುತ್ತಿದ್ದೆ. ಒಂದು ಸಲ ಸಾಹೇಬರು ಹಟ ಮಾಡಿ ಜಾಗ ಬದಲಿಸಿದರು, ಅವರು ಬಲಕ್ಕೆ ನಾನು ಎಡಕ್ಕೆ ಕೂತೆವು, ಆದರೂ ನಾನೇ ಗೆದ್ದೆ ಎಂದು ಇಮಾಮಸಾಬ ಎಷ್ಟೋ ವರ್ಷಗಳ ನಂತರ ಭೆಟ್ಟಿಯಾದಾಗ ಹೇಳಿದ. ನನಗೆ ಅದು ನೆನಪಿಲ್ಲ. ಅದು ನನ್ನ ಕಥೆಯಲ್ಲಿ ಕೂಡುವುದಿಲ್ಲವಾದ್ದರಿಂದ ನಾನು ಅದನ್ನು ಇಟ್ಟುಕೊಂಡಿಲ್ಲವೆಂದು ಕಾಣುತ್ತದೆ.

ಮಗಳು ಒಂದು ಮಧ್ಯಾಹ್ನ ತೊರವಿಯಲ್ಲಿ ಹುಟ್ಟಿದಳು. ಕಚೇರಿಗೆ ಸುದ್ದಿ ಬಂತು. ಸಾಹೇಬರೇ "ಹೋಗೋ, ಹೋಗು" ಎಂದರು. ಸೈಕಲ್ ಎಷ್ಟು ಜೋರಾಗಿ ತುಳಿದೆನೆಂದರೆ ಅರ್ಧ ತಾಸಿನ ದಾರಿ ಎಷ್ಟಾಯಿತೋ ತಿಳಿಯಲಿಲ್ಲ. ಬಾಗಿಲಲ್ಲಿ ಅತ್ತೆ ತಡೆದು, ಕೈಕಾಲು ತೊಳೆಸಿ, ಒಳಗೆ ಬಿಟ್ಟರು. ಮಗು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಶಾಂತಾ ದಣಿದ ಕಣ್ಣಿನಿಂದ ನೋಡಿ, "ಸೂಪಾದಿಂದ ಲಗೂನ ಬಂದ್ರಲ್ರೀ" ಎಂದಳು. ನಾನು ನಕ್ಕೆ. ನಗುತ್ತ ನಗುತ್ತ ಕಣ್ಣೀರು ಬಂತು. ಎದೆಯ ಮೇಲಿಂದ ಯಾರೋ ಚೀಲ ಇಳಿಸಿದಂತಾಯಿತು. ಈ ಒಂದು ಸಂಗತಿಯಲ್ಲಿ ಮಾತ್ರ ನಮ್ಮಿಬ್ಬರ ಪ್ರತಿಗಳು ಅಕ್ಷರಶಃ ಒಂದೇ ಇವೆ.

ನನ್ನನ್ನು ಸೋಲಿಸುವ ಮೊದಲೇ ಸಾಹೇಬರಿಗೆ ವರ್ಗವಾಯಿತು. ಹೋಗುವ ದಿನ ಖಾನೆ ಬರಿದು ಮಾಡುತ್ತ, ಸಹಿಯಿಲ್ಲದ ಆ ಮೂರು ಪ್ರತಿಗಳನ್ನು ನನ್ನ ಕೈಗೆ ಕೊಟ್ಟರು. "ನಿನ್ನ ಅಕ್ಷರ, ನೀನ ಇಟ್ಕೋ." ಆಮೇಲೆ, "ಖರೇ ಹೇಳು. ಸಾಹೇಬಗ ಸೋಲಬೇಕಂತ ಒಂದ್ ದಿನಾನೂ ಅನಿಸ್ಲಿಲ್ಲೇನು?" ಎಂದು ಕೇಳಿದರು.

"ಇಲ್ರಿ," ಎಂದೆ.

ಅವರಿಗೆ ಬಹಳ ಸಮಾಧಾನವಾದಂತೆ ಕಂಡಿತು. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಜೀಪು ಹತ್ತಿದರು. ಸೂಪಾಕ್ಕೆ ಕೊನೆಗೆ ಯಾರು ಹೋದರೋ, ಹೋದರೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಈ ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಇಷ್ಟು ವರ್ಷ ಇಲ್ಲಿಗೇ ಮುಗಿಸುತ್ತಿದ್ದೆ. ಮೊನ್ನೆ ಮಗಳು ಬಂದಿದ್ದಾಗ ಮತ್ತೆ ಹೇಳುತ್ತಿದ್ದೆ. ಧೂಳಿನ ಭಾಗಕ್ಕೆ ಬಂದಾಗ, ಅವರೆಕಾಯಿ ಸುಲಿಯುತ್ತಿದ್ದ ಶಾಂತಾ ತಲೆ ಎತ್ತದೆ ಹೇಳಿದಳು: "ಅವತ್ತ ನೀವ ನೀರ ಕುಡಿಯಾಕ ಒಳಗ ಹೋದಾಗ ನಾ ಸೆರಗಿಲೆ ಒರಸಿಬಿಟ್ಟಿದ್ನೆಲ್ರೀ."

"ಏನ ಒರಸಿದ್ದಿ?"

"ಧೂಳ. ಕಣ್ಣ ಮುಂದ ಧೂಳ ಇದ್ರ ನನಗ ಸುಮ್ನ ಕೂಡಾಕ ಆಗೂದಿಲ್ರಿ."

"ಒರಸಿದ್ರ ಸೂಪಾ ಅಂತ ಹೇಳಿದ್ನಲ್ಲ!"

"ಹೇಳಿದ್ರಿ. ಆದ್ರ ನೀವ ಹ್ಯಾಂಗೂ ಗೆಲ್ತೀರಿ ಅಂತ ಗೊತ್ತಿತ್ತು. ಸೋಲಬೇಕಂತ ಹೋದ ದಿನಾನ ನಿಮಗ ಸೋಲಾಕ ಆಗ್ಲಿಲ್ಲ. ಇನ್ನ ಗೆಲ್ಲಬೇಕಂತ ಹೋದ್ರ ಸೋಲ್ತೀರೇನು?" ಎಂದು ಒಂದು ಸಿಪ್ಪೆಯನ್ನು ಬುಟ್ಟಿಗೆ ಎಸೆದಳು.

ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಅಂದಿನಿಂದ ಲೆಕ್ಕ ಕೂಡುತ್ತಿಲ್ಲ. ಅವಳು ಒರೆಸಿದ್ದು ನಿಜವಾದರೆ ಆಮೇಲಿನ ಗೆಲುವೆಲ್ಲ ನನ್ನವೇ. ಧೂಳಿಗೆ ನಾನು ಮುಗಿದ ಕೈಯೆಲ್ಲ ವ್ಯರ್ಥ. ಇಮಾಮಸಾಬ ಹೇಳಿದ ಜಾಗ ಬದಲಿಯ ಸಂಗತಿಯೂ ನಿಜವಿರಬಹುದು. ಹಾಗಾದರೆ ಮೊದಲನೆಯ ದಿನ? ಅಂದು ಧೂಳು ಇತ್ತಲ್ಲ. ಪಟ್ಟಿ ನಡುಗಿದ್ದನ್ನು ಸಾಹೇಬರೂ ನೋಡಿದ್ದರಲ್ಲ. ನೋಡಿದ್ದು ಪಟ್ಟಿ ನಡುಗಿದ್ದನ್ನು, ನನ್ನ ಕೈಯನ್ನಲ್ಲ. ಇನ್ನೊಂದು ಕಡೆ, ಒರೆಸಿದೆ ಎನ್ನುವವಳು ಡಬ್ಬಿ ಕೆಂಪಿತ್ತು ಎನ್ನುವವಳೇ. ಅವಳ ನೆನಪಿಗೂ ಸೆರಗು ಇರುತ್ತದೆ, ಅದೂ ಆಗಾಗ ಒರೆಸಿ ಸ್ವಚ್ಛ ಮಾಡುತ್ತದೆ.

ಆ ಮೂರು ಪ್ರತಿಗಳು ಈಗಲೂ ನನ್ನ ಟ್ರಂಕಿನಲ್ಲಿವೆ. ಈ ಇಡೀ ಪ್ರಸಂಗದಲ್ಲಿ ಕೈಗೆ ಸಿಗುವ ಸಾಕ್ಷಿ ಅವಷ್ಟೇ, ಅಕ್ಷರ ನಿಜಕ್ಕೂ ಚಂದ ಇವೆ. ಉಳಿದದ್ದಕ್ಕೆ ಸಾಕ್ಷಿ ಇಲ್ಲ. ಬಬಲೇಶ್ವರದಲ್ಲಿ ಮೊದಲ ದಿನ ಹದಿನಾಲ್ಕು ಐದಾದ ಮೇಲೆ ನನ್ನ ಕೈ ಗುಂಡಿಯನ್ನು ಸೋಲಲು ತಿರುಗಿಸುತ್ತಿತ್ತೋ ಗೆಲ್ಲಲು ತಿರುಗಿಸುತ್ತಿತ್ತೋ, ನನಗೆ ಗೊತ್ತಿಲ್ಲ.